ಹದಿನಾಲ್ಕನೇ ತಳಿ

ನಾಟಿ ಯಂತ್ರ ಸದ್ದು ಮಾಡುತ್ತಿರಲಿಲ್ಲ. ಅದರ ಸೂಜಿ ವಿನೀತನ ಹಣೆಯ ಮೇಲಿನ ಬೋಳು ಜಾಗದಲ್ಲಿ ಇಳಿದು, ಎದ್ದು, ತುಸುವೇ ಪಕ್ಕಕ್ಕೆ ಸರಿದು ಮತ್ತೆ ಇಳಿಯುತ್ತಿತ್ತು. ಇಳಿದಾಗಲೆಲ್ಲ ಒಂದು ಕೂದಲನ್ನು ಬೇರುಸಮೇತ ಚರ್ಮದೊಳಗೆ ಬಿಟ್ಟು ಬರುತ್ತಿತ್ತು. ನಿಮಿಷಕ್ಕೆ ನಲವತ್ತು. ಎರಡು ಸಾವಿರ ನೆಡಲು ಐವತ್ತು ನಿಮಿಷ ಸಾಕು. ಇನ್ನು ಎರಡು ತಿಂಗಳಿಗೆ ಮದುಮಗನಾಗಲಿದ್ದ ಆ ಇಪ್ಪತ್ತೈದರ ಹುಡುಗ ಕುರ್ಚಿಗೆ ಒರಗಿ ಅರೆನಿದ್ದೆಯಲ್ಲಿದ್ದ.

ಸಿಂಚನಾ ಅವನ ಬೆನ್ನ ಹಿಂದೆ ಸೂಕ್ಷ್ಮದರ್ಶಕದ ಮುಂದೆ ಕುಳಿತಿದ್ದಳು. ನೂರು ನೂರು ಬೇರುಗಳ ಇಪ್ಪತ್ತು ತಟ್ಟೆಗಳು ಅವಳ ಕಣ್ಣಿನ ಕೆಳಗೆ ಹಾದು ಯಂತ್ರಕ್ಕೆ ಹೋಗಬೇಕು. ಬಾಗಿದ್ದು, ಮುರಿದದ್ದು, ಜೋಡಿಯಾಗಿ ಅಂಟಿಕೊಂಡದ್ದು ಕಂಡರೆ ಚಿಮಟದಿಂದ ಎತ್ತಿ ಪಕ್ಕದ ಬಟ್ಟಲಿಗೆ ಹಾಕುವುದು, ಉಳಿದದ್ದನ್ನು ಮುಂದೆ ತಳ್ಳುವುದು. ಹುಬ್ಬಳ್ಳಿಯ ಆ ಕೂದಲ ಆಸ್ಪತ್ರೆಯಲ್ಲಿ ಅವಳನ್ನು ಬೇರು ನೋಡುವವಳು ಎನ್ನುತ್ತಿದ್ದರು. ಏಳು ವರ್ಷದಿಂದ ಅದೇ ಕುರ್ಚಿ, ಅದೇ ಕಿಟಕಿ. ಗಂಡ ತೀರಿಕೊಂಡ ಮೇಲಿನ ನಾಲ್ಕು ವರ್ಷ ಆ ಕೆಲಸ ಅವಳಿಗೆ ಒಗ್ಗಿಹೋಗಿತ್ತು. ಮಾತು ಬೇಕಾಗಿರಲಿಲ್ಲ, ಕಣ್ಣು ತೆರೆದಿದ್ದರೆ ಸಾಕಿತ್ತು.

ಮಾತಿನ ಕೆಲಸವನ್ನು ಅವತ್ತು ವಿನೀತನ ತಂದೆ ಈರಣ್ಣ ಹಂಚಿನಮನಿ ವಹಿಸಿಕೊಂಡಿದ್ದರು.

"ನೋಡ್ರಿ ಅಕ್ಕಾರ, ಬೋಡತಲಿ ನಮ್ಮ ಮನಿತನಕ್ಕ ದೇವರು ಕೊಟ್ಟ ಇನಾಮು. ಒಬ್ಬರನ್ನೂ ಬಿಟ್ಟಿಲ್ಲ. ನಮ್ಮಪ್ಪ ಕೂದ್ಲ ಹಚ್ಚಿಸ್ಕೊಂಡಾಗ ತಲಿ ಹಿಂದಿನ ಚರ್ಮ ಪಟ್ಟಿ ಕೊಯ್ದು ತಗದಿದ್ರು, ಈ ಕಿವಿಯಿಂದ ಆ ಕಿವಿಗೆ. ಆಮ್ಯಾಲೆ ಚೀಲದ ಬಾಯಿ ಹೊಲದಂಗ ಹೊಲದು ಮನಿಗೆ ಕಳಿಸಿದ್ರು. ಸಾಯೂ ಮಟ ಅವ ಸಣ್ಣಗ ಕಟಿಂಗ್ ಮಾಡಿಸ್ಕೊಳ್ಳಲಿಲ್ಲ. ಗೀಟು ಕಾಣ್ತೈತಿ ಅಂತ."

"ಆದ್ರ ಆ ಪದ್ಧತಿಯೊಳಗ ಬೇರು ಕೆಡತಿದ್ದಿಲ್ಲರಿ," ಎಂದಳು ಸಿಂಚನಾ, ಕಣ್ಣೆತ್ತದೆ. "ಪಟ್ಟಿ ಕೈಯಾಗ ಇರತಿತ್ತು. ನಮ್ಮಂಥವರು ಕುಂತು ನೋಡಿ ಒಂದೊಂದ ಬಿಡಿಸ್ತಿದ್ರು."

"ನನ್ನ ಪಾಳಿಗೆ ಬರೂದ್ರಾಗ ಚುಚ್ಚಿ ತಗ್ಯೂದು ಬಂದಿತ್ತು. ಕೊಯ್ಯೂದಿಲ್ಲ, ಹೊಲ್ಯೂದಿಲ್ಲ ಅಂದ್ರು. ಪೂರಾ ತಲಿ ಬೋಳಿಸಿ ಎರಡ ದಿವಸ ಬೋರಲ ಹಾಕಿದ್ರು." ಈರಣ್ಣ ತಿರುಗಿ ತಮ್ಮ ಹಿಂದಲೆ ತೋರಿಸಿದರು. ಕೂದಲ ನಡುವೆ ರವೆ ಚೆಲ್ಲಿದಂತೆ ಬಿಳಿ ಚುಕ್ಕೆಗಳು.

"ಅದರಾಗ ಸೂಜಿ ಕುರುಡರಿ. ಚರ್ಮದ ಒಳಗ ಬೇರು ಯಾವ ಕಡೆ ವಾಲೈತಿ ಕಾಣೂದಿಲ್ಲ. ಹತ್ತರಾಗ ಒಂದೆರಡು ತುಂಡಾಗತಿದ್ದು."

"ಆಗಲಿ ಬಿಡ್ರಿ. ಎರಡೂ ಅಷ್ಟ. ಹಿತ್ತಲದಾಗಿನ ಗಿಡ ಕಿತ್ತು ಅಂಗಳಕ್ಕ ಹಚ್ಚಿದಂಗ. ಮುಂದ ತುಂಬತು, ಹಿಂದ ಬರಿದಾತು. ಇವನ ನಸೀಬು ಚೊಲೊ ಐತಿ. ಯಾರದೋ ಹೊಲದ ಬೆಳಿ ಇವನ ತಲಿ ಮ್ಯಾಲೆ."

ವಿನೀತ ಕಣ್ಣು ಮುಚ್ಚಿಕೊಂಡೇ ಕೇಳಿದ. "ಯಾರ ಕೂದ್ಲರಿ ಇವು?"

"ಹದಿನಾಲ್ಕನೇ ತಳಿ," ಎಂದಳು ಸಿಂಚನಾ. "ಹೆಸರು ಹೇಳೂವಂಗಿಲ್ಲ. ನಂಬರ್ ಅಷ್ಟ."

ಈರಣ್ಣ ಹೇಳಿದ್ದು ಸರಿಯಾಗಿಯೇ ಇತ್ತು. ಹಳೆಯ ಎರಡು ಪದ್ಧತಿಗಳಲ್ಲಿಯೂ ತಲೆಯ ಮೇಲಿದ್ದ ಕೂದಲು ಜಾಗ ಬದಲಿಸುತ್ತಿತ್ತೇ ಹೊರತು ಒಂದೂ ಹೆಚ್ಚುತ್ತಿರಲಿಲ್ಲ. ಹೆಚ್ಚಿಸಿದವರು ಡಾಕ್ಟರ್ ಶಾಹೀನ ನದಾಫ. ಕೂದಲ ಬುಡದ ಜೀವಕಣಗಳನ್ನು ಗಾಜಿನ ತಟ್ಟೆಯಲ್ಲಿ ಬೆಳೆಸಲು ಎಷ್ಟೋ ದೇಶಗಳಲ್ಲಿ ಪ್ರಯತ್ನಗಳಾಗಿದ್ದವು. ತಟ್ಟೆಯಲ್ಲಿ ಅವು ಸೊಂಪಾಗಿಯೇ ಬೆಳೆಯುತ್ತಿದ್ದವು, ಆದರೆ ತಾವು ಕೂದಲೆಂಬುದನ್ನು ಮರೆತು ಬರಿಯ ಚರ್ಮವಾಗಿಬಿಡುತ್ತಿದ್ದವು. ಶಾಹೀನರ ಅಜ್ಜ ಗಾದಿಗೆ ಹತ್ತಿ ಹಿಂಜುವವರು. ಹಿಂಜಿದ ಅರಳೆಯ ಒಂದು ಉಂಡೆಯನ್ನು ನೀರಿನಲ್ಲಿ ತೇಲಿಬಿಟ್ಟು ನೋಡುತ್ತಾ, ಚಪ್ಪಟೆ ತಟ್ಟೆಯೇ ತಪ್ಪು ಎಂದು ಶಾಹೀನರಿಗೆ ಹೊಳೆಯಿತಂತೆ. ಅರಳೆಯಷ್ಟು ಸಡಿಲವಾದ ಜಾಲದಲ್ಲಿ, ಬೆಚ್ಚಗಿನ ಪೋಷಕ ದ್ರವದಲ್ಲಿ ತೂಗಿಬಿಟ್ಟ ಕಣಗಳು ಸುತ್ತಲೂ ಒಂದನ್ನೊಂದು ಮುಟ್ಟಿಕೊಂಡು ಕೂದಲಾಗಿಯೇ ಉಳಿದವು. ಇಪ್ಪತ್ತು ಬೇರು ಕೊಟ್ಟ ಒಬ್ಬ ಮನುಷ್ಯನಿಂದ ಲಕ್ಷಗಟ್ಟಲೆ ಬೇರು.

ಇನ್ನೊಬ್ಬರ ಅಂಗವನ್ನು ದೇಹ ಒಪ್ಪುವುದಿಲ್ಲ. ರಕ್ತದಲ್ಲಿ ತಿರುಗುವ ಕಾವಲು ಕಣಗಳು ಅದನ್ನು ಕೊಲ್ಲುತ್ತವೆ. ಕೂದಲ ಬುಡ ಮಾತ್ರ ಹುಟ್ಟಿನಿಂದಲೇ ಆ ಕಾವಲಿನ ಕಣ್ಣಿಗೆ ಅಷ್ಟಾಗಿ ಬೀಳದ ಮೂಲೆ. ಆ ಮೂಲೆಯನ್ನು ಇನ್ನಷ್ಟು ಮರೆಮಾಡುವ ಒಂದು ಲೇಪವನ್ನೂ ಶಾಹೀನ ಕಂಡುಹಿಡಿದರು. ಇಪ್ಪತ್ತೆರಡು ಜನರ ಕೂದಲಿನಿಂದ ಇಪ್ಪತ್ತೆರಡು ತಳಿಗಳಾದವು. ಎಲ್ಲಕ್ಕಿಂತ ಬೇಡಿಕೆ ಇದ್ದದ್ದು ಹದಿನಾಲ್ಕನೆಯದಕ್ಕೆ. ದಪ್ಪ ಎಳೆ, ಸಣ್ಣ ಅಲೆ, ಬಿಸಿಲಿಗೆ ಹಿಡಿದರೆ ತುಸು ಕೆಂಚು. ಹನ್ನೊಂದು ಸಾವಿರ ತಲೆಗಳ ಮೇಲೆ ಈಗ ಅದು ಬೆಳೆಯುತ್ತಿತ್ತು.

ಹದಿನೇಳನೇ ತಟ್ಟೆಯಲ್ಲಿ ಸಿಂಚನಾಳ ಚಿಮಟ ನಿಂತಿತು.

ಪ್ರತಿ ಬೇರಿನ ಬುಡದಲ್ಲಿ ಸಾಸಿವೆಯ ಚೂರಿನಷ್ಟು ಕಪ್ಪು ಇರುತ್ತದೆ. ಕೂದಲಿಗೆ ಬಣ್ಣ ಕೊಡುವ ಕಣಗಳ ಮನೆ ಅದು. ಒಂದು ಬೇರಿನಲ್ಲಿ ಆ ಕಪ್ಪು ಇರಲಿಲ್ಲ. ಬುಡ ಗಾಜಿನಂತೆ ತಿಳಿಯಾಗಿತ್ತು, ಅದರಿಂದೆದ್ದ ಗಿಡ್ಡ ಎಳೆಯೂ ಹಾಗೆಯೇ. ದೀಪದ ದೋಷವಿರಬೇಕೆಂದು ಅವಳು ದೀಪ ಬದಲಿಸಿದಳು. ತಟ್ಟೆ ತಿರುಗಿಸಿದಳು. ಬಿಳಿಯೇ. ಅದನ್ನು ಎತ್ತಿ ಬಟ್ಟಲಿಗೆ ಹಾಕಿದಳು. ಹದಿನೆಂಟನೇ ತಟ್ಟೆಯಲ್ಲಿ ಅಂಥವು ಎರಡಿದ್ದವು.

ಬಣ್ಣದಲ್ಲಿ ವ್ಯತ್ಯಾಸ ಕಂಡರೆ ಯಂತ್ರ ನಿಲ್ಲಿಸಬೇಕು, ಡಾಕ್ಟರನ್ನು ಕರೆಯಬೇಕು, ಆ ತಳಿಯ ಎಲ್ಲ ಪಾತ್ರೆಗಳನ್ನೂ ಹಬೆಯ ಪೆಟ್ಟಿಗೆಗೆ ಹಾಕಿ ನಾಶಮಾಡಬೇಕು. ಇದು ನಿಯಮ. ನಿಲ್ಲಿಸುವ ಗುಂಡಿ ಅವಳ ಎಡಗೈಗೆ ಎಟುಕುವಷ್ಟರಲ್ಲೇ ಇತ್ತು. ಕೈ ಅದರ ತನಕ ಹೋಯಿತು. ಅಲ್ಲೇ ಸ್ವಲ್ಪ ಹೊತ್ತು ಇತ್ತು. ಆಮೇಲೆ ಹಿಂದಕ್ಕೆ ಬಂದು ತಟ್ಟೆಯನ್ನು ಮುಂದೆ ತಳ್ಳಿತು.

ಹದಿನಾಲ್ಕನೇ ತಳಿ ಅವಳ ಗಂಡ ಬೀರೇಶನದು.

ಆರು ವರ್ಷದ ಹಿಂದೆ, ಒತ್ತಾದ ಕೂದಲಿನ ಗಂಡಸರು ಬೇಕೆಂದು ಡಾಕ್ಟರು ಸಿಬ್ಬಂದಿಯನ್ನೇ ಕೇಳಿದ್ದರು. ಬೀರೇಶ ಲಾರಿ ರಿಪೇರಿಯ ಶೆಡ್ಡಿನಿಂದ ನೇರವಾಗಿ ಬಂದಿದ್ದ, ಉಗುರಿನ ಸಂದಿಯಲ್ಲಿ ಗ್ರೀಸು ಹಾಗೆಯೇ ಇತ್ತು. "ಇಪ್ಪತ್ತ ಕೂದ್ಲ ಹೋದ್ರ ನಾ ಏನ ಬಡವ ಆಗಂಗಿಲ್ಲ ತಗೊಳ್ರಿ," ಎಂದು ಕುರ್ಚಿಯಲ್ಲಿ ಕೂತಿದ್ದ. ಅರ್ಜಿ ತುಂಬಿದವಳು ಸಿಂಚನಾಳೇ. ಒಂದೊಂದೇ ಪ್ರಶ್ನೆ ಓದುವುದು, ಅವನು ಹೇಳಿದ್ದನ್ನು ಬರೆಯುವುದು.

"ತಂದೆಗೆ ನಲವತ್ತಕ್ಕಿಂತ ಮೊದಲ ಕೂದಲ ಬೆಳ್ಳಗಾಗಿತ್ತೇನು?"

"ಇಲ್ಲ ಅಂತ ಬರಿ. ಅಪ್ಪ ಸಾಯೂ ಮಟ ಮೂರ ಮೂರ ಚೀಲ ಒಮ್ಮಿಗೆ ಹೊರತಿದ್ದ. ಅವಗ ಎಲ್ಲೀ ಮುಪ್ಪು?"

ಅವಳು ಇಲ್ಲ ಎಂದು ಬರೆದಿದ್ದಳು.

ಎರಡು ವರ್ಷದ ಮೇಲೆ, ಎತ್ತಿ ನಿಲ್ಲಿಸಿದ್ದ ಲಾರಿಯ ಅಡಿಯಲ್ಲಿ ಅವನಿದ್ದಾಗ ಜಾಕ್ ಜಾರಿತು. ಆಗ ಅವನಿಗೆ ಇಪ್ಪತ್ತೊಂಬತ್ತು. ಮಣ್ಣು ಕೊಟ್ಟ ದಿನ ಸಿಂಚನಾ ಎಲ್ಲ ಕೆಲಸವನ್ನೂ ಸರಿಯಾಗಿ ಮಾಡಿದ್ದಳು. ಬಂದವರಿಗೆ ಚಹಾ ಸಾಲದೆ ಹೋದದ್ದನ್ನೂ ಗಮನಿಸಿದ್ದಳು. ಎಲ್ಲರೂ ಅವಳು ಅಳುವುದನ್ನು ಕಾಯುತ್ತಿದ್ದರು. ಅಳು ಬರಲಿಲ್ಲ. ಹದಿನೈದು ದಿನಕ್ಕೆ ಕೆಲಸಕ್ಕೆ ಬಂದಳು. ಮೊದಲ ತಟ್ಟೆಯೇ ಹದಿನಾಲ್ಕನೇ ತಳಿಯದಾಗಿತ್ತು. ಗಾಜಿನ ಕೆಳಗೆ ಅವು ತಮ್ಮ ಪಾಡಿಗೆ ಬೆಳೆಯುತ್ತಿದ್ದವು.

ಅಂದಿನಿಂದ ಬಸ್ಸಿನಲ್ಲೋ ಬ್ಯಾಂಕಿನ ಸಾಲಿನಲ್ಲೋ ಯಾರದೋ ತಲೆಯ ಮೇಲೆ ಆ ಅಲೆ, ಆ ಕೆಂಚು ಕಂಡರೆ ಅವಳಿಗೆ ಗೊತ್ತಾಗಿಬಿಡುತ್ತಿತ್ತು. ಹತ್ತಿರ ಹೋಗುತ್ತಿರಲಿಲ್ಲ. ಇದೆ ಎಂದುಕೊಳ್ಳುತ್ತಿದ್ದಳು, ಅಷ್ಟೆ.

*

ಎಂಟು ದಿನ ಅವಳು ಆಸ್ಪತ್ರೆಯಲ್ಲಿ ಯಾರಿಗೂ ಹೇಳಲಿಲ್ಲ. ದಿನಕ್ಕೆ ನಾಲ್ಕೈದು ತಲೆಗಳಿಗೆ ಹದಿನಾಲ್ಕನೇ ತಳಿ ಹೋಗುತ್ತಿತ್ತು. ಬಿಳಿ ಕಂಡದ್ದನ್ನು ಎತ್ತಿ ಹಾಕುತ್ತಿದ್ದಳು. ಇವತ್ತು ಕಪ್ಪಾಗಿದ್ದದ್ದು ನಾಳೆ ಅಲ್ಲೇ, ಅವರ ತಲೆಯಲ್ಲೇ ಬೆಳ್ಳಗಾಗುತ್ತದೆ ಎಂಬುದು ಅವಳಿಗೆ ತಿಳಿಯದೆ ಇರಲಿಲ್ಲ. ಬಟ್ಟಲನ್ನು ಸಂಜೆ ತೊಳೆಯಬೇಕು. ಅವಳು ತೊಳೆಯಲಿಲ್ಲ. ಬಿಳಿ ಬೇರುಗಳನ್ನು ಒಂದು ಸಣ್ಣ ಸೀಸೆಗೆ ಹಾಕಿ ಮೇಜಿನ ಖಾನೆಯಲ್ಲಿ ಇಟ್ಟಳು.

ಏಳನೇ ದಿನ ಸಂಜೆ ಮನೆಯಲ್ಲಿ ಅತ್ತೆ ರೇಣವ್ವ ಮೆಂತ್ಯೆ ಸೊಪ್ಪು ಸೋಸುತ್ತಾ ಕೂತಿದ್ದಳು. ರಾಣೆಬೆನ್ನೂರಿನ ಮಾರುಕಟ್ಟೆಯ ಹಮಾಲ ಮಾಳಪ್ಪನ ಹೆಂಡತಿ ಅವಳು. ಮಗ ಹೋದ ಮೇಲೆ ಸೊಸೆಯ ಜೊತೆಗೇ ಇದ್ದಳು. ಇಬ್ಬರೂ ಹೆಚ್ಚು ಮಾತಾಡುವವರಲ್ಲ. ಸಿಂಚನಾ ಎದುರಿಗೆ ಕೂತು ಒಂದು ಕಟ್ಟು ಬಿಚ್ಚಿಕೊಂಡಳು.

"ಅತ್ತಿ, ಮಾವನ ಕೂದ್ಲ ಹೆಂಗಿದ್ದವು?"

"ಏನ ಹುಚ್ಚು ಪ್ರಶ್ನಿ. ತಲಿ ಮ್ಯಾಲಿದ್ದವು."

"ಯಾವ ಬಣ್ಣ ಇತ್ತು ಅಂತ."

ರೇಣವ್ವ ಸೊಪ್ಪು ಬಿಟ್ಟು ಸೊಸೆಯನ್ನು ನೋಡಿದಳು. ಆಮೇಲೆ ಸಣ್ಣಗೆ ನಕ್ಕಳು. "ಅದನ್ನ ಕೇಳಿದವರಾಗ ನೀನ ಮೊದಲನೇದಾಕಿ. ಅವನ ತಲಿ ಯಾರು ನೋಡ್ಯಾರ? ಹಮಾಲರು ಚೀಲ ಹೊರೂವಾಗ ತಲಿಗೆ ವಸ್ತ್ರ ಸುತ್ತೂದು ಇದ್ದದ್ದ. ಮನಿಗೆ ಬಂದು ಬಿಚ್ಚತಾರ. ಇವ ಮೂವತ್ತೆರಡಕ್ಕ ಪೂರಾ ಬೆಳ್ಳಗಾದ, ಹತ್ತಿ ಹಂಗ. ಲಾರಿ ಖಾಲಿ ಮಾಡಾಕ ಮೇಸ್ತ್ರಿ ಹರೇದವರನ್ನ ಆರಿಸ್ತಿದ್ದ. ಬೆಳ್ಳನ ತಲಿ ಕಂಡ್ರ 'ಅಜ್ಜಾ, ನೀ ನೆಳ್ಳಿಗೆ ಕುಂದರು' ಅಂತಿದ್ರು. ಅವತ್ತಿಂದ ವಸ್ತ್ರ ಬಿಚ್ಚಲಿಲ್ಲ. ಉಣ್ಣಾಕ ಕುಂತಾಗೂ, ಮಲಗಿದಾಗೂ. ಜಳಕಕ್ಕ ಹೋದ್ರ ಬಾಗಲಾ ಹಾಕ್ಕೊಂತಿದ್ದ."

"ಇವರೂ ನೋಡಿದ್ದಿಲ್ಲೇನು?"

"ಬೀರ್‍ಯಾ ಆಗ ಐದು ವರ್ಷದಾಂವ. ಆಮ್ಯಾಲೆ ಎಲ್ಲಿ ನೋಡಬೇಕು? ಸತ್ತಾಗೂ ಮೈ ತೊಳದು ಮಂದಿ ಬರೂದ್ರೊಳಗ ನಾನ ವಸ್ತ್ರ ಕಟ್ಟಿದೆ. ಅಷ್ಟ ವರ್ಷ ಮುಚ್ಚಿಟ್ಟಿದ್ದು, ಕಡೀಕ ಯಾಕ ತೆರೀಬೇಕು ಅಂತ." ಸೊಪ್ಪನ್ನು ಮತ್ತೆ ಕೈಗೆತ್ತಿಕೊಂಡು ಕೇಳಿದಳು. "ಈಗ್ಯಾಕ ಬಂತು ಈ ಮಾತು?"

ಸಿಂಚನಾ ಹೇಳಿದಳು. ಆರು ವರ್ಷದ ಹಿಂದಿನ ಇಪ್ಪತ್ತು ಬೇರಿನಿಂದ ಹಿಡಿದು ಖಾನೆಯಲ್ಲಿದ್ದ ಸೀಸೆಯವರೆಗೆ. ಕೊಟ್ಟವರ ಹೆಸರು ಮನೆಯಲ್ಲಿಯೂ ಆಡಬಾರದೆಂಬ ಕರಾರಿತ್ತು. ಬೀರೇಶನೂ ಅವ್ವನಿಗೆ ಹೇಳಿರಲಿಲ್ಲ. ರೇಣವ್ವ ಕೇಳುತ್ತಾ ಕೇಳುತ್ತಾ ಸೋಸಿದ ಸೊಪ್ಪನ್ನೇ ಮತ್ತೆ ಸೋಸಿದಳು.

"ಅಂದ್ರ ಅವನ ಕೂದ್ಲ ಇನ್ನೂ ಬೆಳ್ಯಾಕತ್ತಾವು?"

"ಹೌದ್ರಿ."

"ಮಂದಿ ತಲಿ ಮ್ಯಾಲೆ?"

"ಹನ್ನೊಂದ ಸಾವಿರ ಮಂದಿ."

ರೇಣವ್ವ ಎದ್ದು ಒಳಗೆ ಹೋದಳು. ಒಗ್ಗರಣೆಯ ಸದ್ದು ಕೇಳಿಸಿತು. ಊಟಕ್ಕೆ ಬಡಿಸುವಾಗ ಮಾತ್ರ ಅಂದಳು: "ನಾ ಒಮ್ಮೆ ಮುಟ್ಟಿ ನೋಡಬೇಕಲ್ಲ ತಂಗಿ."

*

ಮರುದಿನ ಸಿಂಚನಾ ಸೀಸೆಯನ್ನು ಡಾಕ್ಟರ ಮೇಜಿನ ಮೇಲೆ ಇಟ್ಟಳು. ಶಾಹೀನ ನದಾಫರಿಗೆ ಅರವತ್ತು ದಾಟಿತ್ತು. ತಮ್ಮ ನರೆಗೂದಲಿಗೆ ಅವರು ಎಂದೂ ಬಣ್ಣ ಹಚ್ಚಿದವರಲ್ಲ. ಸೂಕ್ಷ್ಮದರ್ಶಕದಲ್ಲಿ ಬಹಳ ಹೊತ್ತು ನೋಡಿದರು.

"ಎಂದಿನಿಂದ?"

"ಎಂಟ ದಿವಸ ಆತ್ರಿ."

ಯಾಕೆ ಹೇಳಲಿಲ್ಲ ಎಂದು ಅವರು ಕೇಳಲಿಲ್ಲ. ಆ ತಳಿ ಯಾರದೆಂದು ಆಸ್ಪತ್ರೆಯಲ್ಲಿ ಗೊತ್ತಿದ್ದದ್ದು ಅವರಿಬ್ಬರಿಗೇ. ಸಿಂಚನಾ ಮಾವನ ತಲೆವಸ್ತ್ರದ ಸಂಗತಿ ಹೇಳಿದಳು. ಡಾಕ್ಟರು ಕನ್ನಡಕ ತೆಗೆದು ಕಣ್ಣುಜ್ಜಿಕೊಂಡರು.

"ಕುಂದರು. ಬೀರೇಶ ಇದ್ದಿದ್ರ ಈಗ ಎಷ್ಟು?"

"ಮೂವತ್ತಮೂರು ತುಂಬತಿತ್ರಿ."

"ಅಪ್ಪಗ ಮೂವತ್ತೆರಡಕ್ಕ ಬೆಳ್ಳಗಾಗಿತ್ತು. ಇವಗ ಮೂವತ್ತಮೂರಕ್ಕ ಸುರು." ಅವರು ತಮ್ಮಷ್ಟಕ್ಕೆ ಲೆಕ್ಕ ಹಾಕುವವರಂತೆ ಮಾತಾಡಿದರು. "ಹೊಸದಾಗಿ ಬೆಳೆಸಿದ್ವಿ ಅಂದ್ರ ಗಡಿಯಾರ ಸೊನ್ನೆಗೆ ಬಂತು ಅಂದ್ಕೊಂಡಿದ್ದೆ. ಅದು ನಿಂತಿದ್ದಿಲ್ಲ. ಒಳಗ ಅವನ ವಯಸ್ಸು ಎಣಿಸ್ಕೋತನ ಇತ್ತು. ಅವನಿಲ್ಲ ಅನ್ನೂದು ಅದಕ್ಕ ಗೊತ್ತಿಲ್ಲ."

"ಬ್ಯಾರೆ ತಳಿಗಳು?"

"ಅವೂ ಅಷ್ಟ. ಒಂದು ನಲವತ್ತಕ್ಕ, ಒಂದು ಐವತ್ತಕ್ಕ. ಕೊಟ್ಟವರು ಎಂದು ಮುದುಕರಾಗತಾರೋ ಅವತ್ತ." ಬಣ್ಣದ ಕಣಗಳಿಗೆ ಆಯುಷ್ಯವಿದೆ, ಎಷ್ಟು ಸಲ ಹುಟ್ಟಿ ಬೆಳೆಯಬೇಕೆಂಬುದು ಅವುಗಳಿಗೆ ತಂದೆತಾಯಿಯಿಂದ ಬರುತ್ತದೆ. ಜಾಲದಲ್ಲಿ ತೂಗಿಬಿಟ್ಟ ಬೇರು ಕೂದಲೆಂಬುದನ್ನು ಮರೆತಿರಲಿಲ್ಲ. ಯಾರ ಕೂದಲೆಂಬುದನ್ನೂ ಮರೆತಿರಲಿಲ್ಲ.

"ಅರ್ಜಿಯೊಳಗಿನ ಪ್ರಶ್ನಿನ ತಪ್ಪಿತ್ತು," ಎಂದರು ಡಾಕ್ಟರು. "ಅಪ್ಪನ ಕೂದ್ಲ ಎಂದು ಬೆಳ್ಳಗಾತು ಅಂತ ಕೇಳಿದ್ವಿ. ಅಪ್ಪನ ತಲಿ ನೋಡೀಯೇನು ಅಂತ ಕೇಳಬೇಕಾಗಿತ್ತು."

ಹೊರಗೆ ಯಾರೋ ತಟ್ಟೆಗಳ ಗಾಡಿ ತಳ್ಳಿಕೊಂಡು ಹೋದರು.

"ಇನ್ನೊಂದು ದಾರಿ ಐತಿ," ಡಾಕ್ಟರು ನಿಧಾನವಾಗಿ ಹೇಳಿದರು. "ಸೋಂಕು ತಗಲಿತ್ತು ಅಂತ ಬರೆದು ತಳಿ ನಿಲ್ಲಿಸಬಹುದು. ಯಾರಿಗೂ ಪತ್ರ ಹೋಗೂದಿಲ್ಲ. ಮುಂದಿನ ವರ್ಷ ಬೆಳ್ಳಗಾದವರು ತಮ್ಮ ಹಣೇಬರಹ ಅಂತಾರ. ಒಂದು ಪಾತ್ರೆ ನನ್ನ ಕೋಣಿಯೊಳಗ ಇಟ್ಟರ ಕೇಳೂವರು ಯಾರೂ ಇಲ್ಲ. ಅದು ಅಲ್ಲೇ ಇರತೈತಿ."

ಸಿಂಚನಾ ಆ ಪಾತ್ರೆಯನ್ನು ಕಣ್ಣಮುಂದೆ ತಂದುಕೊಂಡಳು. ಒಂದು ಕಪಾಟು, ಬೆಚ್ಚಗಿನ ದ್ರವ, ಅದರಲ್ಲಿ ತೂಗಾಡುವ ಎಳೆಗಳು. ದಿನಾ ಬಂದು ನೋಡಬಹುದು. ಎಷ್ಟು ವರ್ಷ ಬೇಕಾದರೂ. ವಿನೀತನೂ ಕಣ್ಣಮುಂದೆ ಬಂದ. ಯಾರ ಕೂದ್ಲರಿ ಇವು ಎಂದು ಕಣ್ಣು ಮುಚ್ಚಿಕೊಂಡೇ ಕೇಳಿದ್ದ.

"ನಾನು ನೋಡಿದ ಮ್ಯಾಲೆ ಮೂವತ್ತೈದು ಮಂದಿಗೆ ಹಚ್ಚೀವ್ರಿ," ಎಂದಳು. "ಅವರಿಗೆ ಏನಂತ ಹೇಳೂದು?"

ಡಾಕ್ಟರು ಒಂದು ಹಾಳೆ ತೆಗೆದು ಅವಳ ಮುಂದೆ ಸರಿಸಿದರು. ವರದಿ ಬರೆದದ್ದು ಸಿಂಚನಾ, ತಾನು ಎಂಟು ದಿನ ಮುಚ್ಚಿಟ್ಟದ್ದನ್ನೂ ಸೇರಿಸಿ. ಸಹಿ ಇಬ್ಬರದೂ.

ಹದಿನಾಲ್ಕನೇ ತಳಿಯ ಒಂಬತ್ತು ಪಾತ್ರೆಗಳನ್ನು ಅವಳೇ ಹಬೆಯ ಪೆಟ್ಟಿಗೆಯ ತನಕ ಹೊತ್ತಳು. ಇನ್ನೂ ಬೆಚ್ಚಗಿದ್ದವು. ಬಾಗಿಲು ಮುಚ್ಚಿ ಕಾಲು ಗಂಟೆ ನಿಂತಳು. ತೆರೆದಾಗ ಒಳಗಿನ ದ್ರವ ಬೇಳೆಯ ಕಟ್ಟಿನಂತೆ ಕದಡಿತ್ತು. ಅದನ್ನು ಮೋರಿಗೆ ಸುರಿದು ಪಾತ್ರೆ ತೊಳೆದು ಬೋರಲು ಹಾಕಿದಳು. ಕೈ ಒರೆಸಿಕೊಂಡು ತನ್ನ ಕುರ್ಚಿಗೆ ಬಂದಳು. ಆರನೇ ತಳಿಯ ತಟ್ಟೆ ಕಾದಿತ್ತು.

*

ಪತ್ರಗಳು ಹೋದವು. ಆರು ವಾರದ ಮೇಲೆ ಈರಣ್ಣ ಹಂಚಿನಮನಿ ಪತ್ರವನ್ನು ಕೈಯಲ್ಲಿ ಹಿಡಿದುಕೊಂಡೇ ಬಂದರು. ಹಿಂದೆ ವಿನೀತ. ಅವನ ತಲೆ ತುಂಬಿತ್ತು. ಹಣೆಯ ಮೇಲೆ ಸಣ್ಣ ಅಲೆ ಎದ್ದಿತ್ತು. ಅದರ ನಡುವೆ ಐದಾರು ಬಿಳಿ ಎಳೆ.

ಆಸ್ಪತ್ರೆಯ ಹಜಾರದಲ್ಲಿ ರೇಣವ್ವ ಕೂತಿದ್ದಳು. ನಾಲ್ಕು ದಿನದಿಂದ ಸೊಸೆಯ ಬುತ್ತಿಯ ನೆಪ ಮಾಡಿಕೊಂಡು ಬಂದು, ಬಂದುಹೋಗುವವರ ತಲೆ ನೋಡುತ್ತಾ ಕೂರುತ್ತಿದ್ದಳು. ಕೇಳಿದವರಿಗೆ ಇಲ್ಲಿ ಫ್ಯಾನು ಚೆನ್ನಾಗಿದೆ ಎನ್ನುತ್ತಿದ್ದಳು.

"ಮದುವಿ ಹನ್ನೊಂದ ದಿವಸಕ್ಕ ಬಂದೈತಿ," ಈರಣ್ಣ ಹಜಾರಕ್ಕೆ ಬಂದ ಡಾಕ್ಟರ ಮುಂದೆ ಪತ್ರ ಬಿಚ್ಚಿ ಹಿಡಿದರು. "ಹಂದರಕ್ಕ ಹೇಳೀನಿ. ನೀವು ನೋಡಿದ್ರ ನಿಮ್ಮ ಹುಡುಗ ಅಜ್ಜ ಆಗಾಕತ್ತಾನ ಅಂತ ಕಾಗದ ಕಳಿಸೀರಿ. ಅಕ್ಷತಿ ಹಾಕೂವರು ಇವಗ ಹಾಕಬೇಕೋ ನನಗ ಹಾಕಬೇಕೋ?"

"ತಪ್ಪು ನಂದರಿ," ಎಂದಳು ಸಿಂಚನಾ. ಅವಳು ತನ್ನ ಕೋಣೆಯ ಬಾಗಿಲಲ್ಲಿ ನಿಂತಿದ್ದಳು. "ಅವತ್ತ ನೀವು ನಿಮ್ಮಪ್ಪನ ಸುದ್ದಿ ಹೇಳಾಕತ್ತಾಗ ನಾ ಬಿಳೆ ಬೇರು ನೋಡಿದ್ದೆ. ಯಂತ್ರ ನಿಲ್ಲಿಸಬೇಕಿತ್ತು. ನಿಲ್ಲಿಸಲಿಲ್ಲ."

ಈರಣ್ಣ ಅವಳನ್ನು ನೋಡಿದರು. "ನೋಡಿದ್ರಿ?"

"ನೋಡಿದ್ದೆ."

"ನೋಡಿನೂ ನನ್ನ ಮಗನ ತಲಿಗೆ ಹಚ್ಚಿದ್ರಿ. ನಿಮ್ಮ ಮನ್ಯಾಗಿನವರಿಗೆ ಆಗಿದ್ರ ಹಚ್ಚತಿದ್ರೇನು?"

ಹಜಾರದ ಮೂಲೆಯಿಂದ ರೇಣವ್ವ ಎದ್ದು ಬಂದಳು.

"ಆಕೀಗೆ ಅನಬ್ಯಾಡಪ್ಪ," ಎಂದಳು. "ಮೊದಲ ಮುಚ್ಚಿಟ್ಟವ ನನ್ನ ಗಂಡ. ಆಮ್ಯಾಲೆ ನಾನು. ಆ ಕೂದ್ಲ ನನ್ನ ಮಗಂದು."

ಹೆಸರು ಹೇಳಬಾರದೆಂಬ ನಿಯಮವಿತ್ತು. ಡಾಕ್ಟರು ತಡೆಯಲಿಲ್ಲ.

"ಮಗ ಎಲ್ಲಿದಾನ?" ಕೇಳಿದ್ದು ವಿನೀತ.

"ಇಲ್ಲಪ. ನಾಕ ವರ್ಷ ಆತು."

ಈರಣ್ಣ ಪತ್ರವನ್ನು ಮಡಿಸಿದರು. ಮತ್ತೆ ಬಿಚ್ಚಿ ಮತ್ತೆ ಮಡಿಸಿದರು. ವಿನೀತ ಏನು ಮಾಡಬೇಕೋ ತಿಳಿಯದೆ ನಿಂತಿದ್ದ. ಲಗ್ನ ಗೊತ್ತಾದ ದಿನದಿಂದ ಕಂಡ ಹಿರಿಯರಿಗೆಲ್ಲ ಬಾಗಿ ನಮಸ್ಕಾರ ಮಾಡುವುದು ಅವನಿಗೆ ರೂಢಿಯಾಗಿತ್ತು. ಅದೇ ರೂಢಿಯಲ್ಲಿ ಅವನು ಬಾಗಿ ರೇಣವ್ವನ ಕಾಲು ಮುಟ್ಟಿದ.

ಆಶೀರ್ವಾದಕ್ಕೆ ರೇಣವ್ವನ ಕೈ ಅವನ ತಲೆಯ ಮೇಲೆ ಬಂತು. ಬಂದ ಕೈ ಅಲ್ಲೇ ಉಳಿಯಿತು. ಬೆರಳುಗಳು ಕೂದಲ ನಡುವೆ ಇಳಿದವು, ಮಕ್ಕಳ ತಲೆಯಲ್ಲಿ ಹೇನು ನೋಡುವಾಗಿನಂತೆ ಎಳೆ ಸರಿಸಿ ಬುಡ ಮುಟ್ಟಿದವು, ಹಣೆಯ ಹತ್ತಿರದ ಅಲೆಯನ್ನು ಹಿಂದಕ್ಕೆ ತೀಡಿದವು. ಅಲೆ ಮತ್ತೆ ಮುಂದಕ್ಕೆ ಬಿತ್ತು. ವಿನೀತ ಏಳದೆ ಹಾಗೆಯೇ ಬಾಗಿ ನಿಂತಿದ್ದ. ಅವನ ಕಿವಿ ಕೆಂಪಾಗಿತ್ತು.

"ಮದುವ್ಯಾಗು," ಎಂದಳು ರೇಣವ್ವ. "ಮುದುಕ ಆಗೂ ಮಟ ಬಾಳು."

ಕೈ ತೆಗೆದಳು.

ಎಲ್ಲರೂ ಕೂತ ಮೇಲೆ ಡಾಕ್ಟರು ಇರುವ ದಾರಿಗಳನ್ನು ಹೇಳಿದರು. ಬಣ್ಣ ಹಚ್ಚಿಕೊಂಡು ಇರಬಹುದು. ಹಾಗೆಯೇ ಬಿಡಬಹುದು, ವರ್ಷದೊಳಗೆ ಮುಂದೆ ಬೆಳ್ಳಗೆ, ಹಿಂದೆ ಕಪ್ಪಗೆ ಕಾಣುತ್ತದೆ. ಬೇಡವೆಂದರೆ ತೆಗೆಯಬಹುದು, ಒಂದೊಂದೇ, ಚುಚ್ಚಿ.

ವಿನೀತ ರೇಣವ್ವನ ಕಡೆ ನೋಡಲಿಲ್ಲ. "ಮದುವಿ ಆದ ಮ್ಯಾಲೆ ತಗದುಬಿಡ್ರಿ," ಎಂದ, ಮೆಲ್ಲಗೆ. "ತಪ್ಪು ತಿಳಕೋಬ್ಯಾಡ್ರಿ ಅವ್ವಾರ."

"ತಗಿಸ್ಕೋಪ. ನಿನ್ನ ತಲಿ ನಿಂದು."

"ಅಲ್ಲಿ ಬ್ಯಾರೆ ಏನ ಹಚ್ಚತೀರಿ?" ಈರಣ್ಣ ಕೇಳಿದರು.

"ಬ್ಯಾರೆ ತಳಿ ಹಚ್ಚಬಹುದು. ಅದರ ಗಡಿಯಾರ ಹೆಂಗೈತೋ ಈಗ ನಾ ಹೇಳಲಾರೆ," ಎಂದರು ಡಾಕ್ಟರು. "ಇಲ್ಲಾ, ಹಳೇ ಪದ್ಧತಿ. ಹಿಂದಿನವು ತಗದು ಮುಂದ. ಕಡಿಮಿ ಆಗತಾವು. ಆದ್ರ ಅವು ನಿನ್ನ ಜೋಡಿನ ಮುದುಕ ಆಗತಾವು."

ಈರಣ್ಣ ತಮ್ಮ ಹಿಂದಲೆಯ ಚುಕ್ಕೆಗಳನ್ನು ಸವರಿಕೊಂಡರು. "ಕಡೀಕ ನನ್ನಂಗ ಆಗತಿ ನೋಡು ಮಗನ," ಎಂದರು. ಮಗ ನಕ್ಕ. ಆ ನಗುವಿನಲ್ಲಿ ಅವರ ಸಿಟ್ಟು ಹೊರಟುಹೋಯಿತು, ಅಥವಾ ಮನೆಗೆ ಒಯ್ಯುವಷ್ಟಕ್ಕೆ ಇಳಿಯಿತು.

ಮದುವೆಯಾದ ಒಂದು ತಿಂಗಳಿಗೆ ವಿನೀತ ಬಂದ. ಎರಡು ಸಾವಿರ ಬೇರು ತೆಗೆಯಲು ಎರಡು ದಿನ ಹಿಡಿಯಿತು. ಸೂಜಿ ಕುರುಡು, ಹತ್ತರಲ್ಲಿ ಒಂದೆರಡು ತುಂಡಾದವು. ಬೇರೆ ಯಾರಾದರೂ ಮಾಡಲಿ ಎಂದು ಡಾಕ್ಟರು ಹೇಳಿದ್ದರು. ಸಿಂಚನಾ ತಾನೇ ಕೂತಳು.

*

ಹನ್ನೊಂದು ಸಾವಿರ ಮಂದಿಯಲ್ಲಿ ಮೂರು ಸಾವಿರ ಜನ ಕೂದಲು ತೆಗೆಸಿಕೊಂಡರು. ಬಹಳ ಜನ ಬಣ್ಣ ಹಚ್ಚಿಕೊಂಡರು. ಉಳಿದವರು ಪತ್ರ ಓದಿ ಎಲ್ಲಿಯೋ ಇಟ್ಟು ಮರೆತರು. ತಳಿಯ ಪಾತ್ರೆಗಳ ಮೇಲೆ ಈಗ ನಂಬರಿನ ಜೊತೆ ವಯಸ್ಸನ್ನೂ ಬರೆಯಬೇಕೆಂದು ಕಾನೂನು ಬಂತು. ಎರಡು ವಯಸ್ಸಿನ ತಲೆ ಬೇಡವೆನ್ನುವವರಿಗಾಗಿ ಊರೂರಲ್ಲಿ ಮತ್ತೆ ಪಟ್ಟಿ ಕೊಯ್ಯುವವರು, ಚುಚ್ಚಿ ತೆಗೆಯುವವರು ಬೇಕಾದರು. ಕ್ಷೌರದ ಅಂಗಡಿಗಳಲ್ಲಿ ಹರೆಯದವರು ಅಪ್ಪನ ಟೊಪ್ಪಿಗೆ ತೆಗೆಸಿ ನೋಡುತ್ತಿದ್ದಾರೆಂಬ ನಗೆಮಾತು ಹುಟ್ಟಿತು. ಅದು ಬರೀ ನಗೆಮಾತಾಗಿರಲಿಲ್ಲ.

ಮರುವರ್ಷ ಒಂದು ಸಂಜೆ, ಕೆಲಸ ಮುಗಿಸಿ ಮನೆಗೆ ಹೋಗುವ ಬಸ್ಸಿನಲ್ಲಿ ಸಿಂಚನಾಳ ಮುಂದಿನ ಸೀಟಿನಲ್ಲಿ ಒಬ್ಬರು ಕೂತಿದ್ದರು. ಮಡಿಲಲ್ಲಿ ತರಕಾರಿಯ ಚೀಲ. ನೆತ್ತಿಯ ತನಕ ಅದೇ ಅಲೆ, ಅರ್ಧಕ್ಕರ್ಧ ಬೆಳ್ಳಗೆ. ಕಿಟಕಿಯ ಬಿಸಿಲು ಬಿದ್ದಾಗ ಉಳಿದರ್ಧದಲ್ಲಿ ಕೆಂಚು ಕಂಡಿತು. ಬೀರೇಶನಿಗೆ ಈಗ ಮೂವತ್ತನಾಲ್ಕು ದಾಟಿದೆ ಎಂದು ಅವಳು ಎಣಿಸಿದಳು. ಇನ್ನೆರಡು ವರ್ಷಕ್ಕೆ ಪೂರಾ. ತನ್ನ ಪಕ್ಕದಲ್ಲಿ ಅವನಿಗೆ ಆಗಬೇಕಾಗಿದ್ದದ್ದು ಊರ ತುಂಬ ಆಗುತ್ತಿತ್ತು. ಮುಂದಿನ ಸೀಟಿನವರು ತಮ್ಮ ನಿಲ್ದಾಣದಲ್ಲಿ ಇಳಿದು ಹೋದರು.

ಮನೆಯಲ್ಲಿ ರೇಣವ್ವ ಚಹಾ ಕೊಡುತ್ತಾ ದಿನದಂತೆ ಕೇಳಿದಳು. "ಇವತ್ತ ಯಾರರ ಕಂಡ್ರೇನು?"

"ಒಬ್ಬರು. ಅರ್ಧ ಬೆಳ್ಳಗಾಗೇತಿ."

"ಆಗಲಿ," ಎಂದಳು ರೇಣವ್ವ. "ಆಗೂ ವಯಸ್ಸು."

ಸಿಂಚನಾ ಬಟ್ಟಲು ಕೆಳಗಿಟ್ಟಳು. ಐದು ವರ್ಷದಿಂದ ಬರದೆ ಇದ್ದ ಅಳು ಆಗ ಬಂತು. ರೇಣವ್ವ ಪಕ್ಕದಲ್ಲಿ ಕೂತಳು.

ಇದೆಲ್ಲ ಆಗುವುದಕ್ಕೆ ಇನ್ನೂ ಮೂವತ್ತು ವರ್ಷವಿದೆ. ಇವತ್ತು ರಾಣೆಬೆನ್ನೂರಿನ ಮಾರುಕಟ್ಟೆಯಲ್ಲಿ ಮೂವತ್ತೆರಡರ ಒಬ್ಬ ಹಮಾಲ ಮೆಕ್ಕೆಜೋಳದ ಚೀಲ ಇಳಿಸಿ ಮನೆಗೆ ಹೊರಟಿದ್ದಾನೆ. ತಲೆಗೆ ಸುತ್ತಿದ ವಸ್ತ್ರವನ್ನು ದಾರಿಯಲ್ಲಿ ಬಿಚ್ಚುವುದಿಲ್ಲ, ಮನೆಗೆ ಬಂದೂ ಬಿಚ್ಚುವುದಿಲ್ಲ. ಐದು ವರ್ಷದ ಮಗ ತೊಡೆಯೇರಿ ನಿಂತು ಆ ವಸ್ತ್ರದ ತುದಿಗೆ ಕೈ ಹಾಕುತ್ತಾನೆ. ಒಂದು ಸಲ ಎಳೆದರೆ ಸಾಕು, ಬಿಚ್ಚಿಕೊಳ್ಳುತ್ತದೆ. ಅಪ್ಪ ನಗುತ್ತಾ ಮಗನ ಕೈ ಹಿಡಿದುಕೊಳ್ಳುತ್ತಾನೆ.